ಮೂರು ವರ್ಷಕ್ಕೆ ಮೂವತ್ತೊಂಬತ್ತು ಎಸೆತ: ಅಮೆರಿಕದ ಕಾಲೇಜು ಕ್ವಾರ್ಟರ್‌ಬ್ಯಾಕ್ ಆಗುವುದು ಹೇಗೆ?

ಅಮೆರಿಕದ ಕೊಲಂಬಸ್‌ನಲ್ಲಿ ಎಂ.ಎಸ್. ಓದುತ್ತಿರುವ ನನ್ನ ಅಕ್ಕನ ಮಗ ಹೋದ ವರ್ಷ ಒಂದು ಫೋಟೋ ಕಳಿಸಿದ. ಇಡೀ ಕ್ರೀಡಾಂಗಣ ಕೆಂಪು ಅಂಗಿಗಳಿಂದ ತುಂಬಿತ್ತು. ಕೆಳಗೆ ಒಂದು ಸಾಲು: "ಮಾಮ, ನಂಬ್ತೀರಾ? ಇದು ಬರೀ ಕಾಲೇಜು ಮ್ಯಾಚು!"

ನಂಬುವುದು ಕಷ್ಟವೇ. ಅವನು ಓದುವ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನದಲ್ಲಿ 1 ಲಕ್ಷ 2 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಪಕ್ಕದ ಮಿಷಿಗನ್‌ನಲ್ಲಿ 1 ಲಕ್ಷ 7 ಸಾವಿರ. ಅಷ್ಟೂ ಜನರ ಕಣ್ಣು ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಒಬ್ಬ ಹುಡುಗನ ಮೇಲಿರುತ್ತದೆ. ಅವನೇ ಕ್ವಾರ್ಟರ್‌ಬ್ಯಾಕ್. ಮಗನೋ ಮಗಳೋ ಅಲ್ಲಿ ಓದುತ್ತಿದ್ದು, ಶನಿವಾರ ಬಂತೆಂದರೆ "ಅಮ್ಮ, ಮ್ಯಾಚ್ ಇದೆ, ಆಮೇಲೆ ಮಾತಾಡ್ತೀನಿ" ಎಂದು ಫೋನ್ ಇಟ್ಟುಬಿಡುತ್ತಿದ್ದರೆ ಈ ಲೇಖನ ನಿಮಗೂ ಉಪಯೋಗಕ್ಕೆ ಬಂದೀತು.

ಏನಿದು ಆಟ?

ಹೆಸರು ಫುಟ್‌ಬಾಲ್, ಆಟ ಮಾತ್ರ ಹೆಚ್ಚಾಗಿ ಕೈಯದು. ಚೆಂಡು ಗುಂಡಗಿಲ್ಲ. ಎರಡೂ ತುದಿ ಚೂಪಾದ ಪುಟ್ಟ ಸಿಪ್ಪೆಗಾಯಿಯಂತೆ ಇರುತ್ತದೆ. ಉದ್ದ ಸುಮಾರು 28 ಸೆಂಟಿಮೀಟರ್, ತೂಕ 400 ಗ್ರಾಂಗಿಂತ ತುಸು ಹೆಚ್ಚು. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಮೈದಾನದ ಉದ್ದ 100 ಗಜ. ಎದುರಾಳಿಯ ತುದಿಗೆರೆ ದಾಟಿ ಚೆಂಡು ತಲುಪಿಸಿದರೆ ಟಚ್‌ಡೌನ್, ಅಂದರೆ 6 ಅಂಕ.

ಒಂದೇ ಓಟದಲ್ಲಿ ತಲುಪಿಸಬೇಕೆಂದೇನಿಲ್ಲ. ನಾಲ್ಕು ಅವಕಾಶ ಕೊಡುತ್ತಾರೆ, ಅಷ್ಟರಲ್ಲಿ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ಹತ್ತು ಗಜ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಸಾಗದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಅರ್ಧ ಆಟ ತಿಳಿದಂತೆ. ಉಳಿದರ್ಧ ಕ್ವಾರ್ಟರ್‌ಬ್ಯಾಕ್‌ನ ತಲೆಯೊಳಗೆ ನಡೆಯುತ್ತದೆ.

ಅವನ ಕೆಲಸವೇನು?

ಒಂದು ಡೌನ್ ಮುಗಿದ ಕೂಡಲೇ 40 ಸೆಕೆಂಡಿನ ಗಡಿಯಾರ ಓಡತೊಡಗುತ್ತದೆ. ಅದು ಸೊನ್ನೆಗೆ ಬರುವ ಮೊದಲು ಮುಂದಿನ ಆಟ ಶುರುವಾಗಬೇಕು. ಮೊದಲೆಲ್ಲ ಕೋಚ್‌ಗಳು ಅಂಚಿನಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು, ಚಿತ್ರ ಬರೆದ ಫಲಕ ಎತ್ತಿ ತೋರಿಸುತ್ತಿದ್ದರು. 2024ರಿಂದ ಅತ್ಯುನ್ನತ ದರ್ಜೆಯ ಕಾಲೇಜು ಪಂದ್ಯಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ಪುಟ್ಟ ಸ್ಪೀಕರ್ ಇಡಲು ಅನುಮತಿ ಸಿಕ್ಕಿದೆ. ದಾಳಿಯ ಕಡೆ ಅದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್. ಯಾವ ಯೋಜನೆ ಆಡಬೇಕೆಂದು ಕೋಚ್ ಕಿವಿಯಲ್ಲೇ ಹೇಳುತ್ತಾರೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ತಾನಾಗಿಯೇ ನಿಂತುಹೋಗುತ್ತದೆ. ಅಲ್ಲಿಂದಾಚೆ ಹುಡುಗ ಒಬ್ಬನೇ.

ಆ ಹದಿನೈದು ಸೆಕೆಂಡಿನಲ್ಲಿ ಅವನು ಎದುರಾಳಿಗಳು ನಿಂತ ರೀತಿ ನೋಡುತ್ತಾನೆ. ಹಿಂದೆ ಕಾವಲಿಗೆ ಒಬ್ಬನಿದ್ದಾನೆಯೇ, ಇಬ್ಬರೇ? ಆ ದಪ್ಪನೆಯವನು ಮುಂದೆ ನುಗ್ಗುವ ಹಾಗೆ ನಟಿಸುತ್ತಿದ್ದಾನೋ, ನಿಜವಾಗಿ ನುಗ್ಗುತ್ತಾನೋ? ಕೋಚ್ ಹೇಳಿದ ಯೋಜನೆ ಈ ಜೋಡಣೆಯ ಎದುರು ನಡೆಯುವುದಿಲ್ಲ ಅನ್ನಿಸಿದರೆ ನಿಂತಲ್ಲೇ ಕೂಗಿ ಬದಲಿಸಬಹುದು. ಅದಕ್ಕೆ ಆಡಿಬಲ್ ಎನ್ನುತ್ತಾರೆ. ಲಕ್ಷ ಜನ ಕಿರುಚುವಾಗ ಹತ್ತು ಮಂದಿಗೆ ಅದನ್ನು ಕೇಳಿಸುವುದೂ ಒಂದು ಸಾಹಸವೇ.

ಆಮೇಲೆ ಸ್ನ್ಯಾಪ್. ಮುಂದೆ ಬಗ್ಗಿ ನಿಂತ ಆಟಗಾರ ತನ್ನ ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅಲ್ಲಿಂದ ಹೆಚ್ಚೆಂದರೆ ಮೂರು ಸೆಕೆಂಡ್ ಎಂದುಕೊಳ್ಳಿ. ಪಕ್ಕದ ಓಟಗಾರನ ಕೈಗೆ ಚೆಂಡು ಕೊಡಬಹುದು, ತಾನೇ ಓಡಬಹುದು, ಇಲ್ಲವೇ ಮುಂದೆ ಓಡುತ್ತಿರುವ ರಿಸೀವರ್‌ಗೆ, ಅಂದರೆ ಚೆಂಡು ಹಿಡಿಯುವವನಿಗೆ, ಎಸೆಯಬಹುದು. ಎಸೆಯುವುದಾದರೆ ಮೊದಲನೆಯ ರಿಸೀವರ್‌ನನ್ನು ನೋಡಬೇಕು, ಅವನ ಮೈಗೆ ಎದುರಾಳಿ ಅಂಟಿಕೊಂಡಿದ್ದರೆ ಎರಡನೆಯವನು, ಅಲ್ಲೂ ದಾರಿಯಿಲ್ಲದಿದ್ದರೆ ಮೂರನೆಯವನು. ರಿಸೀವರ್ ಈಗ ಇರುವ ಜಾಗಕ್ಕೆ ಎಸೆದರೆ ಆಗಲೇ ತಡವಾಯಿತು. ಅವನು ಇನ್ನು ಒಂದು ಸೆಕೆಂಡಿಗೆ ಎಲ್ಲಿರುತ್ತಾನೋ ಆ ಖಾಲಿ ಜಾಗಕ್ಕೆ ಎಸೆಯಬೇಕು. ಎದುರಾಳಿ ನಡುವೆ ಹಾರಿ ಚೆಂಡು ಹಿಡಿದರೆ ಇಂಟರ್‌ಸೆಪ್ಷನ್. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಸ್ಯಾಕ್.

"ಹಾಗಾದರೆ ನಮ್ಮ ಕ್ರಿಕೆಟ್ ಕ್ಯಾಪ್ಟನ್ ಇದ್ದ ಹಾಗೆ ಅನ್ನಿ" ಎಂದರು ನನ್ನ ಗೆಳೆಯರೊಬ್ಬರು. ನನಗೇನೋ ಹೋಲಿಕೆ ಸಾಲದು ಅನ್ನಿಸಿತು. ನಮ್ಮ ಕ್ಯಾಪ್ಟನ್ ಸ್ಲಿಪ್‌ನಲ್ಲಿ ನಿಂತು ಗದ್ದ ಕೆರೆಯುತ್ತ ಯೋಚಿಸಬಹುದು. ಇವನು ಯೋಚಿಸುವಾಗ 130 ಕಿಲೋ ತೂಕದವನೊಬ್ಬ ಅವನನ್ನು ಕೆಡವಲೆಂದೇ ಓಡಿಬರುತ್ತಿರುತ್ತಾನೆ.

ಕಾಲೇಜಿಗೆ ಸೇರುವುದು ಹೇಗೆ?

ದಾರಿ ಹೈಸ್ಕೂಲಿನಿಂದ ಶುರು. ಅಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿ. ವಿಶ್ವವಿದ್ಯಾಲಯದ ಕೋಚ್‌ಗಳು ಶಾಲೆ ಶಾಲೆ ಸುತ್ತಿ, ವಿಡಿಯೋ ನೋಡಿ, ಬೇಸಿಗೆ ಶಿಬಿರಗಳಲ್ಲಿ ಹುಡುಗರ ತೋಳು ಅಳೆದು ಆರಿಸುತ್ತಾರೆ. ಇದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಒಪ್ಪಿಗೆಯಾದರೆ ಸ್ಕಾಲರ್‌ಶಿಪ್, ಅಂದರೆ ವಿದ್ಯಾರ್ಥಿವೇತನ. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲ ಅದರಲ್ಲೇ ಬರುತ್ತದೆ.

ಆಟ ಬಂದರೆ ಸಾಕೇ, ಓದು ಬೇಡವೇ ಎಂದು ಕೇಳಬಹುದು. ಬೇಕು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆಯ ಪ್ರಕಾರ, ಮೊದಲ ದರ್ಜೆಯಲ್ಲಿ ಆಡಲು ಹೈಸ್ಕೂಲಿನಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನದಂಥ 16 ಮುಖ್ಯ ಕೋರ್ಸುಗಳನ್ನು ಪಾಸು ಮಾಡಿರಬೇಕು, ಸರಾಸರಿ ಗ್ರೇಡ್ 4ಕ್ಕೆ 2.3 ಇರಬೇಕು. ಕಾಲೇಜು ಸೇರಿದ ಮೇಲೂ ಗ್ರೇಡ್ ಬಿದ್ದರೆ ಮೈದಾನಕ್ಕೆ ಬಿಡುವುದಿಲ್ಲ.

ಕೋಚ್‌ಗಳ ಕಣ್ಣಿಗೆ ಬೀಳದವರಿಗೂ ಒಂದು ಹಿಂಬಾಗಿಲು ಉಂಟು. ಸ್ವಂತ ದುಡ್ಡಿನಲ್ಲಿ ಫೀಸು ಕಟ್ಟಿ, ತಂಡದ ಆಯ್ಕೆಗೆ ಹೋಗಿ ಜಾಗ ಗಿಟ್ಟಿಸುವುದು. ಇವರಿಗೆ ವಾಕ್-ಆನ್ ಎಂದು ಹೆಸರು. ಬೇಕರ್ ಮೇಫೀಲ್ಡ್ ಎಂಬ ಹುಡುಗ ಟೆಕ್ಸಸ್ ಟೆಕ್‌ಗೆ ಹೀಗೇ ಹೋದ. ಅಲ್ಲಿಂದ ಒಕ್ಲಹೋಮಾಗೂ ಹೀಗೇ ಹೋದ. 2017ರಲ್ಲಿ ಹೈಸ್ಮನ್ ಟ್ರೋಫಿ ಗೆದ್ದ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ ಅದು. ಆದರೆ ಇಂಥವರು ಎಲ್ಲೋ ಒಬ್ಬೊಬ್ಬರು.

ಜೋ ಬರೋ ಕಾದ ಕಥೆ

ಕ್ವಾರ್ಟರ್‌ಬ್ಯಾಕ್‌ನ ಕಾಲೇಜು ಬದುಕೆಂದರೆ ಬಹುಪಾಲು ಕಾಯುವುದೇ. ಬೇರೆ ಜಾಗಗಳಲ್ಲಿ ಆಟಗಾರರನ್ನು ಸರದಿಯ ಮೇಲೆ ಬದಲಿಸುತ್ತಾರೆ. ಕ್ವಾರ್ಟರ್‌ಬ್ಯಾಕ್‌ನನ್ನು ಹಾಗೆ ಬದಲಿಸುವುದು ಅಪರೂಪ. ತಂಡದಲ್ಲಿ ನಾಲ್ಕೈದು ಮಂದಿ ಇದ್ದರೂ ಆಡುವವನು ಒಬ್ಬ. ಉಳಿದವರು ಟೋಪಿ ಹಾಕಿಕೊಂಡು, ಕೈಯಲ್ಲಿ ಹಾಳೆ ಹಿಡಿದು, ಅಂಚಿನಲ್ಲಿ ನಿಂತಿರುತ್ತಾರೆ. ಇದನ್ನು ಜೋ ಬರೋ ಕಥೆಯಷ್ಟು ಚೆನ್ನಾಗಿ ಹೇಳುವುದು ಇನ್ನೊಂದಿಲ್ಲ.

ಬರೋ ಬೆಳೆದದ್ದು ಒಹಾಯೊ ರಾಜ್ಯದ ಆಗ್ನೇಯ ಮೂಲೆಯ ಆಥೆನ್ಸ್ ಕೌಂಟಿಯಲ್ಲಿ. ಬಡತನ ಹೆಚ್ಚಿರುವ ಗುಡ್ಡಗಾಡು ಸೀಮೆ ಅದು. ತಂದೆ ಜಿಮ್ ಬರೋ ಅಲ್ಲಿನ ಒಹಾಯೊ ವಿಶ್ವವಿದ್ಯಾಲಯ ತಂಡದ ರಕ್ಷಣಾ ಕೋಚ್. 2014ರಲ್ಲಿ ಮಗ ತನ್ನ ಹೈಸ್ಕೂಲ್ ತಂಡವನ್ನು ರಾಜ್ಯ ಮಟ್ಟದ ಫೈನಲ್‌ಗೆ ಕೊಂಡೊಯ್ದ. 56-52ರಲ್ಲಿ ಸೋತ. ಆ ವರ್ಷ ರಾಜ್ಯದ ಅತ್ಯುತ್ತಮ ಆಟಗಾರನೆಂಬ ಗೌರವ ಬಂತು. 2015ರಲ್ಲಿ ಒಹಾಯೊ ಸ್ಟೇಟ್ ಸೇರಿದ.

ಮೊದಲ ವರ್ಷ ರೆಡ್‌ಶರ್ಟ್. ಈ ಪದವನ್ನು ಬಿಡಿಸಿ ಹೇಳಬೇಕು. ಬರೋ ಕಾಲದ ನಿಯಮದಲ್ಲಿ, ಕಾಲೇಜು ಸೇರಿದ ದಿನದಿಂದ ಐದು ವರ್ಷದೊಳಗೆ ನಾಲ್ಕು ಋತು ಆಡಬಹುದಿತ್ತು. ಒಂದು ವರ್ಷ ಬರೀ ಅಭ್ಯಾಸ ಮಾಡಿ, ಪಂದ್ಯ ಆಡದೆ ಉಳಿದರೆ, ನಾಲ್ಕು ಋತು ಹಾಗೇ ಉಳಿಯುತ್ತದೆ. ಆ ವರ್ಷವೇ ರೆಡ್‌ಶರ್ಟ್ ವರ್ಷ. ಅದು ಶಿಕ್ಷೆಯಲ್ಲ, ಮೈ ಬೆಳೆಯಲಿ, ತಲೆ ಬಲಿಯಲಿ ಎಂದು ಕೊಡುವ ಸಮಯ. 2018ರಿಂದ ಆ ವರ್ಷದಲ್ಲೂ ನಾಲ್ಕು ಪಂದ್ಯದವರೆಗೆ ಆಡಲು ಬಿಟ್ಟರು.

ಎರಡನೆಯ, ಮೂರನೆಯ ವರ್ಷ ಬರೋ ಮೀಸಲು ಆಟಗಾರ. 2017ರಲ್ಲಿ ಋತು ಶುರುವಾಗುವ ಮುಂಚೆ ಕೈಮೂಳೆ ಮುರಿಯಿತು. ಆ ಹೊತ್ತಿಗೆ ಡ್ವೇನ್ ಹ್ಯಾಸ್ಕಿನ್ಸ್ ಎಂಬ ಇನ್ನೊಬ್ಬ ಹುಡುಗ ಮುಂದೆ ಬಂದ. ಒಹಾಯೊ ಸ್ಟೇಟ್‌ನಲ್ಲಿದ್ದ ಮೂರು ವರ್ಷದಲ್ಲಿ ಬರೋ ಪಂದ್ಯಗಳಲ್ಲಿ ಎಸೆದ ಒಟ್ಟು ಪಾಸ್‌ಗಳು 39. ತಲೆಬರಹದ ಲೆಕ್ಕ ಇದೇ.

ನಡುವೆ ಒಂದು ಜಾಣ ಕೆಲಸವನ್ನೂ ಮಾಡಿದ್ದ. ಮೂರೇ ವರ್ಷಕ್ಕೆ ಪದವಿ ಮುಗಿಸಿದ. ಇದು ಏಕೆ ಮುಖ್ಯ? ಆಗಿನ ನಿಯಮದ ಪ್ರಕಾರ ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಪದವಿ ಮುಗಿಸಿದವನಿಗೆ ಆ ಕಟ್ಟುಪಾಡು ಇರಲಿಲ್ಲ. ಹಾಗಾಗಿ 2018ರ ಮೇನಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಅಂದರೆ ಎಲ್‌ಎಸ್‌ಯುಗೆ, ಹೊರಟವನು ಆ ವರ್ಷವೇ ಆಡಿದ. ಓದಿನ ಶಿಸ್ತು ಅವನ ಆಟವನ್ನು ಉಳಿಸಿತು ಎಂದರೆ ತಪ್ಪಾಗದು.

ಮೊದಲ ಋತು ಪರವಾಗಿಲ್ಲ ಅನ್ನುವಂತಿತ್ತು: 16 ಟಚ್‌ಡೌನ್ ಪಾಸ್. ಅದರ ಕೊನೆಯ ಪಂದ್ಯದಲ್ಲಿ, 2019ರ ಜನವರಿ 1ರಂದು, ನಡೆದದ್ದನ್ನು ಮಾತ್ರ ಅವನ ಅಭಿಮಾನಿಗಳು ಮರೆತಿಲ್ಲ. ಸೆಂಟ್ರಲ್ ಫ್ಲಾರಿಡಾ ತಂಡದ ಎದುರು ಅವನ ಎಸೆತ ಇಂಟರ್‌ಸೆಪ್ಟ್ ಆಯಿತು. ಚೆಂಡು ಹಿಡಿದವನ ಹಿಂದೆ ಓಡುತ್ತಿದ್ದ ಬರೋಗೆ ಎದುರಾಳಿಯೊಬ್ಬ ಗುದ್ದಿದ ಹೊಡೆತಕ್ಕೆ ಅವನು ನೆಲಕ್ಕೆ ಚೆಲ್ಲಿಬಿದ್ದ. ಎದ್ದ. ಆ ದಿನ 394 ಗಜ ಎಸೆದು, ನಾಲ್ಕು ಟಚ್‌ಡೌನ್ ಪಾಸ್ ಕೊಟ್ಟು, 40-32ರಲ್ಲಿ ಪಂದ್ಯ ಗೆಲ್ಲಿಸಿದ.

ಮುಂದಿನ ಋತುವನ್ನು ಏನೆಂದು ಹೇಳಲಿ! ಮಗನ ಕೊನೆಯ ಕಾಲೇಜು ಋತುವನ್ನು ಕಣ್ಣಾರೆ ನೋಡಬೇಕೆಂದು ತಂದೆ ಕೋಚ್ ಕೆಲಸದಿಂದಲೇ ನಿವೃತ್ತರಾದರು. ನೋಡಿದ್ದು ಸಾರ್ಥಕವಾಯಿತು. 15 ಪಂದ್ಯ, 15 ಗೆಲುವು. 527 ಎಸೆತಗಳಲ್ಲಿ 402 ಗುರಿ ಮುಟ್ಟಿದವು. 5,671 ಗಜ. 60 ಟಚ್‌ಡೌನ್ ಪಾಸ್, ಆಗ ಅದು ಅತ್ಯುನ್ನತ ದರ್ಜೆಯ ದಾಖಲೆ. ಇಂಟರ್‌ಸೆಪ್ಷನ್ ಬರೀ ಆರು. ಒಕ್ಲಹೋಮಾ ಎದುರಿನ ಸೆಮಿಫೈನಲ್‌ನಲ್ಲಿ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಪಾಸ್ ಕೊಟ್ಟ. ತವರು ಮೈದಾನದ ಕೊನೆಯ ಪಂದ್ಯಕ್ಕೆ ಬೆನ್ನ ಮೇಲಿನ ಹೆಸರನ್ನು ಲೂಸಿಯಾನಾದವರ ಫ್ರೆಂಚ್ ಕಾಗುಣಿತದಲ್ಲಿ ಬರೆಸಿಕೊಂಡು ಬಂದಾಗ, ಒಂದೂವರೆ ವರ್ಷದ ಹಿಂದೆ ಹೊರಗಿನಿಂದ ಬಂದವನನ್ನು ಆ ಊರು ಪೂರ್ತಿ ತನ್ನವನನ್ನಾಗಿ ಮಾಡಿಕೊಂಡಿತು.

ಡಿಸೆಂಬರ್‌ನಲ್ಲಿ ಹೈಸ್ಮನ್ ಟ್ರೋಫಿ ಸಿಕ್ಕಿತು. ವೇದಿಕೆಯಲ್ಲಿ ಅವನು ತನ್ನೂರಿನ ಹಸಿದ ಮಕ್ಕಳ ಬಗ್ಗೆ ಮಾತಾಡಿದ, ಕಣ್ಣೀರಿಟ್ಟ. ಅದನ್ನು ಕೇಳಿದ ಆ ಊರಿನವರೊಬ್ಬರು ನಿಧಿ ಸಂಗ್ರಹ ಶುರುಮಾಡಿದರು. ಸ್ಥಳೀಯ ಆಹಾರ ಭಂಡಾರಕ್ಕೆ ಐದು ಲಕ್ಷ ಡಾಲರ್‌ಗೂ ಹೆಚ್ಚು ಬಂತು. 2020ರ ಜನವರಿ 13ರಂದು ಕ್ಲೆಮ್‌ಸನ್ ತಂಡವನ್ನು 42-25ರಲ್ಲಿ ಸೋಲಿಸಿ ಎಲ್‌ಎಸ್‌ಯು ರಾಷ್ಟ್ರೀಯ ಚಾಂಪಿಯನ್ ಆಯಿತು.

ಕಾಲೇಜಾದ ಮೇಲೆ?

ವೃತ್ತಿಪರ ಲೀಗ್‌ನ ಹೆಸರು ಎನ್‌ಎಫ್‌ಎಲ್. 32 ತಂಡಗಳಿವೆ. ಹೈಸ್ಕೂಲ್ ಮುಗಿದು ಮೂರು ವರ್ಷವಾಗದೆ ಯಾರೂ ಅಲ್ಲಿಗೆ ಕಾಲಿಡುವಂತಿಲ್ಲ. ಆದ್ದರಿಂದಲೇ ಹೆಚ್ಚಿನವರಿಗೆ ಕಾಲೇಜು ತಪ್ಪಿಸುವ ದಾರಿಯಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುತ್ತವೆ. ಏಳು ಸುತ್ತು. ನಮ್ಮ ಐಪಿಎಲ್ ಹರಾಜಿನಂತೆ ಕೂಗಿ ಕೊಳ್ಳುವುದಲ್ಲ ಇದು. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಸಂಬಳವೂ ಹೆಚ್ಚುಕಡಿಮೆ ಆಯ್ಕೆಯ ಕ್ರಮಾಂಕದ ಮೇಲೇ ನಿಂತಿದೆ.

2020ರಲ್ಲಿ ಬರೋ ಮೊಟ್ಟಮೊದಲ ಆಯ್ಕೆ. ಸಿನ್ಸಿನಾಟಿ ಬೆಂಗಾಲ್ಸ್ ತಂಡ ನಾಲ್ಕು ವರ್ಷಕ್ಕೆ ಸುಮಾರು 3.6 ಕೋಟಿ ಡಾಲರ್ ಕೊಟ್ಟಿತು. ಮೊದಲ ಋತುವಿನಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಮರುವರ್ಷವೇ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಕರೆದೊಯ್ದ. 2023ರಲ್ಲಿ ಐದು ವರ್ಷಕ್ಕೆ 27.5 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಯಿತು.

ಡ್ರಾಫ್ಟ್‌ನ ಕ್ರಮಾಂಕ ನೂರಕ್ಕೆ ನೂರು ನಿಜ ಹೇಳುತ್ತದೆಯೇ? ಇಲ್ಲ. ಮಿಷಿಗನ್‌ನಲ್ಲಿ ಓದಿದ ಟಾಮ್ ಬ್ರೇಡಿ 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ, ಏಳು ಸೂಪರ್ ಬೌಲ್ ಗೆದ್ದ. ಅಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿ 2022ರಲ್ಲಿ 262ನೆಯವನು, ಅಂದರೆ ಕಟ್ಟಕಡೆಯವನು. ನಾಲ್ಕು ವರ್ಷಕ್ಕೆ ಅವನಿಗೆ ಸಿಕ್ಕಿದ್ದು ಸುಮಾರು 37 ಲಕ್ಷ ಡಾಲರ್. ಎರಡನೇ ಋತುವಿನಲ್ಲೇ ಸೂಪರ್ ಬೌಲ್ ಆಡಿದ. 2025ರಲ್ಲಿ 26.5 ಕೋಟಿ ಡಾಲರ್‌ಗೆ ಸಹಿ ಹಾಕಿದ. ಕಥೆಗಳು ಸೊಗಸಾಗಿವೆ, ಆದರೆ ಇವನ್ನು ನೋಡಿ ಮೋಸ ಹೋಗಬೇಡಿ. ಕಾಲೇಜು ಫುಟ್‌ಬಾಲ್ ಮುಗಿಸುವವರಲ್ಲಿ ಡ್ರಾಫ್ಟ್ ಆಗುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಉಳಿದವರ ಕೈಹಿಡಿಯುವುದು ಪದವಿಯೇ.

ದುಡ್ಡಿನ ಲೆಕ್ಕ

ಬರೋ 60 ಟಚ್‌ಡೌನ್ ಪಾಸ್ ಕೊಟ್ಟ ವರ್ಷ ಅವನು ತನ್ನ ಹೆಸರಿನಿಂದ ಒಂದು ಡಾಲರ್ ಜಾಹೀರಾತು ಹಣವನ್ನೂ ಪಡೆಯುವ ಹಾಗಿರಲಿಲ್ಲ. ಜರ್ಸಿ ಮಾರಾಟವಾಗುತ್ತಿತ್ತು, ಟಿವಿಯಿಂದ ಕೋಟಿಗಟ್ಟಲೆ ಬರುತ್ತಿತ್ತು, ಕೋಚ್‌ಗೆ ಭಾರಿ ಸಂಬಳ. ಆಡುವ ಹುಡುಗ ಮಾತ್ರ ಹವ್ಯಾಸಿ! ಇದು ಅನ್ಯಾಯವೆಂದು ಬಹಳ ಜನ ಹೇಳುತ್ತಿದ್ದರು. ನನಗೂ ಅನ್ಯಾಯವೆಂದೇ ಕಾಣುತ್ತದೆ.

2021ರ ಜುಲೈ 1ರಂದು ಗೋಡೆ ಬಿತ್ತು. ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತು ಮಾಡಿ ಗಳಿಸಬಹುದೆಂದಾಯಿತು. ಇದಕ್ಕೆ ಎನ್‌ಐಎಲ್ ಎಂದು ಚುಟುಕು ಹೆಸರು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯಿಂದ ಇನ್ನೂ ದೊಡ್ಡ ಬದಲಾವಣೆ ಬಂತು: ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್, ಎಲ್ಲ ಆಟಗಳೂ ಸೇರಿ. ಕಾಲೇಜು ಬದಲಿಸುವವರ ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಆನ್‌ಲೈನ್ ಪಟ್ಟಿ 2018ರಿಂದಲೇ ಇದೆ. ಈಗ ಓದಿನಲ್ಲಿ ಅರ್ಹನಾಗಿದ್ದರೆ ವರ್ಷ ಕೂರದೆಯೇ ಬೇರೆಡೆ ಆಡಬಹುದು. ಹೀಗಾಗಿ ಬರೋ ಹಾಗೆ ಮೂರು ವರ್ಷ ಕಾಯುವ ತಾಳ್ಮೆ ಇಂದಿನ ಹುಡುಗರಿಗೆ ಬೇಕಾಗಿಯೇ ಇಲ್ಲ. ಒಂದು ಋತು ಬೆಂಚು ಕಾಯಿಸಿದರೆ ಪೋರ್ಟಲ್‌ನಲ್ಲಿ ಹೆಸರು! ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಅಲ್ಲಿ ಇನ್ನೂ ನಡೆದಿದೆ.

ಕುಟುಂಬಕ್ಕೆ ಖರ್ಚಿಲ್ಲವೆಂದಲ್ಲ. ಹೈಸ್ಕೂಲಿನ ವರ್ಷಗಳಲ್ಲಿ ಶಿಬಿರ, ಪ್ರಯಾಣ, ಖಾಸಗಿ ತರಬೇತಿ ಎಲ್ಲವೂ ಮನೆಯವರ ಜೇಬಿನಿಂದಲೇ. ಸಮಯದ ಬೆಲೆಯೂ ಇದೆ. ಋತು ನಡೆಯುವಾಗ ಕಡ್ಡಾಯ ಅಭ್ಯಾಸ ವಾರಕ್ಕೆ 20 ಗಂಟೆ ಮೀರಬಾರದೆಂದು ನಿಯಮ ಹೇಳುತ್ತದೆ. ತಾನಾಗಿ ಕೂತು ನೋಡುವ ವಿಡಿಯೋ, ತಾನಾಗಿ ಮಾಡುವ ಕಸರತ್ತು ಆ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಪೆಟ್ಟು. ಮೊಣಕಾಲು, ಭುಜ ರಿಪೇರಿಯಾಗುತ್ತವೆ. ತಲೆಗೆ ಪದೇ ಪದೇ ಬೀಳುವ ಹೊಡೆತದಿಂದ ಮಿದುಳಿಗೆ ಆಗುವ ಹಾನಿ ಮಾತ್ರ ದೊಡ್ಡ ಚಿಂತೆ. ಆ ಭಯದಿಂದ ಮಕ್ಕಳನ್ನು ಈ ಆಟಕ್ಕೆ ಬಿಡದ ತಂದೆತಾಯಿಗಳು ಅಮೆರಿಕದಲ್ಲೇ ಇದ್ದಾರೆ.

ನಮ್ಮವರಿಗೇನು?

ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ದಾರಿ ಉಳಿದವರಂತೆಯೇ: ಹೈಸ್ಕೂಲ್ ತಂಡದಿಂದ ಶುರು. ತಂದೆಯ ಕಡೆಯಿಂದ ಭಾರತೀಯನಾದ ಬ್ರ್ಯಾಂಡನ್ ಚಿಲ್ಲರ್ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯಿಂದ ಎನ್‌ಎಫ್‌ಎಲ್‌ಗೆ ಹೋಗಿದ್ದ. ಕ್ವಾರ್ಟರ್‌ಬ್ಯಾಕ್ ಅಲ್ಲ, ರಕ್ಷಣೆಯ ಕಡೆಯವನು. ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರು ಒಂದು ವಿಷಯ ನೆನಪಿಡಬೇಕು. ಆ ವೀಸಾದಲ್ಲಿ ದುಡಿಮೆಗೆ ಕಟ್ಟುಪಾಡುಗಳಿವೆ. ಎನ್‌ಐಎಲ್ ಹಣವೂ ಅದಕ್ಕೆ ತಗಲಿಕೊಳ್ಳಬಹುದು. ಯಾವ ಆಟದವರೇ ಆಗಲಿ, ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವಿಚಾರಿಸಲೇಬೇಕು.

ಮೈಗೆ ಮೈ ಗುದ್ದದೆ ಈ ಆಟ ಕಲಿಯಬೇಕೆನ್ನುವ ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್ ಇದೆ. ಎದುರಾಳಿಯನ್ನು ಕೆಡವುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಇರುತ್ತಾನೆ, ಹೆಣ್ಣುಮಕ್ಕಳೂ ಆಡುತ್ತಾರೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಈ ಆಟ ಸೇರಿದೆ.

ಮಕ್ಕಳನ್ನು ನೋಡಲು ಅಲ್ಲಿಗೆ ಹೋದಾಗ ಪಂದ್ಯಕ್ಕೆ ಹೋಗುವ ಮನಸ್ಸಾದರೆ, ಟಿಕೆಟ್ಟನ್ನು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ವಿಭಾಗದ ಅಧಿಕೃತ ತಾಣದಲ್ಲೇ ಮೊದಲು ನೋಡಿ. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಬೇರೆ ದರವಿದೆ. ಕೈಚೀಲ ಕೋಣೆಯಲ್ಲೇ ಬಿಡಿ, ಹೆಚ್ಚಿನ ಮೈದಾನಗಳಲ್ಲಿ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ. ಚಕ್ಕುಲಿ ಡಬ್ಬಿಯನ್ನೂ ಗೇಟಿನಲ್ಲೇ ತಡೆದಾರು.

ಮನೆಯಲ್ಲಿ ಕೂತು ನೋಡುವವರಿಗೂ ಒಂದು ಮಾತು. ಮೊದಲ ಎರಡು ಪಂದ್ಯಗಳಲ್ಲಿ ಚೆಂಡನ್ನು ನೋಡಬೇಡಿ, ಸ್ನ್ಯಾಪ್ ಆದ ಕೂಡಲೇ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಯಾವ ಕಡೆ ತಿರುಗುತ್ತದೆಂದು ನೋಡಿ. ಎಡಕ್ಕೆ, ನಡುವಿಗೆ, ಬಲಕ್ಕೆ ಅದು ತಿರುಗುವಾಗ ಅವನು ಒಬ್ಬೊಬ್ಬ ರಿಸೀವರ್‌ನನ್ನು ಕೈಬಿಡುತ್ತ ಹೋಗುವುದು ಕಾಣುತ್ತದೆ. ಋತು ಆಗಸ್ಟ್ ಕೊನೆಗೆ ಶುರು. ಅಮೆರಿಕದ ಪೂರ್ವ ಭಾಗದಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಆಗುವ ಪಂದ್ಯ ನಮಗೆ ಅದೇ ರಾತ್ರಿ 9.30ಕ್ಕೆ, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿದ ಮೇಲೆ 10.30ಕ್ಕೆ.